ಎಗರು ಕೋಲಿನ ತಕರಾರು

ಹಾಡಿನ ವಿಡಿಯೊ ಮಾಡುವ ಕಂಪನಿಯೊಂದರಲ್ಲಿ ನಾನು ಸಂಬಳ ತೆಗೆದುಕೊಂಡದ್ದು ಅನುಮಾನಪಡುವುದಕ್ಕೆ. ಹಾಡಿದವರ, ಕುಣಿದವರ, ಕ್ಯಾಮೆರಾ ಹಿಡಿದವರ, ಕೊನೆಗೆ ಪಕ್ಕದಲ್ಲಿ ನಿಂತು ಹೊಗೆ ಬಿಟ್ಟವರ ಹೆಸರೂ ಪರದೆಯ ಮೇಲೆ ಬರುತ್ತಿತ್ತು. ನನ್ನದು ಒಮ್ಮೆಯೂ ಬರಲಿಲ್ಲ. ಬರಬೇಕಿದ್ದರೆ ‘ಅನುಮಾನ: ರಂಗಣ್ಣ’ ಎಂದು ಹಾಕಬೇಕಿತ್ತು. ಅಷ್ಟು ಧೈರ್ಯ ನಮ್ಮ ಸಾಹುಕಾರರಿಗಿರಲಿಲ್ಲ.

ಈಗ ಈ ಕೆಲಸಕ್ಕೆ ಓದಿದ ಹುಡುಗ ಹುಡುಗಿಯರು ಬರುತ್ತಿದ್ದಾರೆ, ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರೂ ಇದೆ ಎಂದು ಕೇಳಿದ್ದೇನೆ. ಸಂತೋಷ. ಅವರ ಉಪಯೋಗಕ್ಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಏರಿದೆ ಎಂಬ ಪುರಾಣ ಇದರಲ್ಲಿಲ್ಲ. ನಮ್ಮಲ್ಲಿ ಇದ್ದದ್ದೇ ಮೂರು ಕುರ್ಚಿ, ಅದರಲ್ಲೊಂದಕ್ಕೆ ಕಾಲು ಇರಲಿಲ್ಲ.

ಕಂಪನಿ ಇದ್ದದ್ದು ರಾಮನಗರದಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ, ಟೈಲರ್ ಅಂಗಡಿಯೊಂದರ ಮಹಡಿಯ ಮೇಲೆ. ಜನಪದ ಗೀತೆ, ದೇವರ ನಾಮ, ಪ್ರೇಮಗೀತೆ, ಹೀಗೆ ಎಲ್ಲಕ್ಕೂ ವಿಡಿಯೊ ಮಾಡುತ್ತಿದ್ದೆವು. ಮೊದಲು ನಾನು ಅಲ್ಲಿ ಎಡಿಟಿಂಗ್ ಮಾಡುತ್ತಿದ್ದೆ. ಒಂದು ತುಂಡನ್ನು ಇನ್ನೊಂದು ತುಂಡಿಗೆ ಸೇರಿಸುವುದು, ಸೇರಿಸಿದ ಜಾಗ ನೋಡುವವರಿಗೆ ಗೊತ್ತಾಗದ ಹಾಗೆ ಮಾಡುವುದು. ಕಣ್ಣಿಗೆ ಆ ಅಭ್ಯಾಸ ಬಿದ್ದರೆ ಆಮೇಲೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ, ಬರೀ ಸೇರಿಸಿದ ಜಾಗಗಳೇ ಕಾಣುತ್ತವೆ. ನನ್ನ ಹೆಂಡತಿಯ ಮಾತಿನಲ್ಲೂ ಕಂಡಿವೆ.

ಅನುಮಾನದ ಹುದ್ದೆ ಹುಟ್ಟಿದ್ದು ಮಾಗಡಿ ಕಡೆಯ ಒಂದು ಗ್ರಾಮದೇವತೆಯ ಹಾಡಿನಿಂದ. ಹಾಡು ಚೆನ್ನಾಗಿತ್ತು. ಆದರೆ ದೇವಿಯ ಹಿಂದೆ ಬೋಳು ಗುಡ್ಡ ಕಾಣುವುದು ನನ್ನ ಜೊತೆಗಿದ್ದ ಇನ್ನೊಬ್ಬ ಎಡಿಟರ್‌ಗೆ ಸರಿಕಾಣಲಿಲ್ಲ. ಯಾವುದೋ ಪರದೇಶದ ಹಾಡಿನ ವಿಡಿಯೊದಿಂದ ಹಿಮದ ಬೆಟ್ಟವನ್ನು ಕಿತ್ತು ತಂದು ಹಿಂದೆ ನಿಲ್ಲಿಸಿದ. ಆ ಬೆಟ್ಟದ ಮೇಲೆ ತಂತಿಗೆ ಜೋತುಬಿದ್ದ ಪೆಟ್ಟಿಗೆಯೊಂದು ಹೋಗುತ್ತಿತ್ತು, ಅದರೊಳಗೆ ಉಣ್ಣೆಯ ಟೋಪಿ ಹಾಕಿದ ಇಬ್ಬರು ಬಿಳಿಯರು ದೇವಿಗೆ ಕೈಬೀಸುತ್ತ ಹೋಗುತ್ತಿದ್ದರು. ಬಿಡುಗಡೆಯಾದ ವಾರಕ್ಕೆ ಊರಿನ ಹಿರಿಯರೊಬ್ಬರು ಮಹಡಿ ಹತ್ತಿ ಬಂದು, ಏದುಸಿರು ಇಳಿದ ಮೇಲೆ ಶಾಂತವಾಗಿ ಕೇಳಿದರು:

“ಸಾವ್ಕಾರ್ರೆ, ನಮ್ಮಮ್ಮನ್ ಗುಡ್ಡಕ್ಕೆ ಅದ್ಯಾವಾಗ ತೊಟ್ಲು ಕಟ್ಟಿಸ್ಬುಟ್ರಿ? ನಮ್ಗೆ ಒಂದ್ ಮಾತೂ ಹೇಳ್ನಿಲ್ಲ.”

ಅವರು ಇಳಿದು ಹೋದ ಮೇಲೆ ಸಾಹುಕಾರರು ನನ್ನನ್ನು ಕರೆದರು. “ರಂಗಣ್ಣ, ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ ಅಲ್ವಾ?”

“ಇಲ್ಲ ಸಾರ್.”

“ನನ್ನ ಮೇಲೆ?”

ನಾನು ಕಿಟಕಿಯ ಕಡೆ ನೋಡಿದೆ. “ಸರಿ ಬಿಡಿ. ನಾಳೆಯಿಂದ ಎಲ್ಲಾ ವಿಡಿಯೊ ನೀವು ನೋಡಿದ ಮೇಲೇ ಆಚೆಗೆ ಹೋಗ್ಲಿ” ಎಂದರು. ನೇಮಕಾತಿ ಆದೇಶ ಅಂದರೆ ಅಷ್ಟೇ.

ಆ ಕಾಲದಲ್ಲಿ ಕದ್ದದ್ದಕ್ಕೆ ಕದ್ದದ್ದು ಎನ್ನುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಬಂದ ನಿರ್ದೇಶಕರು ಅದನ್ನು ಇನ್ಸ್‌ಪಿರೇಷನ್ ಎಂದರು. ಆಮೇಲೆ ಬಂದವರು ರೆಫರೆನ್ಸ್ ಎಂದರು. ಈಚಿನವರು ಟ್ರಿಬ್ಯೂಟ್ ಎನ್ನುತ್ತಾರೆ, ಹಾಗೆನ್ನುವಾಗ ಎದೆಯ ಮೇಲೆ ಕೈಯನ್ನೂ ಇಡುತ್ತಾರೆ. ಹೆಸರು ಬದಲಾದಂತೆಲ್ಲ ವಸ್ತುವಿನ ಮರ್ಯಾದೆ ಹೆಚ್ಚಿತೇ ಹೊರತು ನನ್ನ ಕೆಲಸ ಕಡಿಮೆಯಾಗಲಿಲ್ಲ. ಹಾಡಿನ ವಿಡಿಯೊ ಎಂಬ ಜಾತಿಯೇ ಹಾಗೆ. ಇರುವುದು ನಾಲ್ಕೈದು ನಿಮಿಷ, ಅಷ್ಟರಲ್ಲಿ ಸಿನಿಮಾ, ಚಿತ್ರಪಟ, ನಾಟಕ, ಜಾಹೀರಾತು, ಅಜ್ಜಿ ಕಥೆ ಎಲ್ಲದರಿಂದಲೂ ಒಂದೊಂದು ಹಿಡಿ ತಂದು ತುಂಬಬೇಕು. ತರುವುದು ತಪ್ಪು ಎಂದು ನಾನು ಎಂದೂ ಹೇಳಿದವನಲ್ಲ. ಯಾರ ಮನೆಯಿಂದ ತಂದಿರಿ, ಹೇಳಿ ತಂದಿರಾ, ಎಂದಷ್ಟೇ ಕೇಳುತ್ತಿದ್ದೆ.

ಕಂಡುಹಿಡಿಯುವ ದಾರಿ ಒಂದೇ. ಚೆನ್ನಾಗಿರುವುದನ್ನು ನೋಡಬೇಡಿ. ಚೆನ್ನಾಗಿರುವುದು ಇಬ್ಬರಿಗೆ ಒಟ್ಟಿಗೆ ಹೊಳೆಯಬಹುದು. ತಪ್ಪು ಇರುವುದನ್ನು ನೋಡಿ, ತಪ್ಪು ಒಬ್ಬನಿಗೇ ಹೊಳೆಯುವುದು. ನಮ್ಮ ಬಂಡೆಗಳ ನಡುವೆ ತೆಗೆದ ಒಂದು ಪ್ರೇಮಗೀತೆಯಲ್ಲಿ ನಾಯಕ ಮತ್ತೆ ಮತ್ತೆ ತನ್ನ ಮಣಿಕಟ್ಟು ನೋಡಿಕೊಳ್ಳುತ್ತಾನೆ. ಮಣಿಕಟ್ಟಿನಲ್ಲಿ ಏನೂ ಇಲ್ಲ. ನಿರ್ದೇಶಕನನ್ನು ಕೇಳಿದರೆ “ಅದು ಕಾಲದ ಪ್ರತೀಕ ಸಾರ್” ಎಂದ. ನಾನು ಹುಡುಕಿದೆ. ಪರಭಾಷೆಯ ಹಾಡೊಂದರಲ್ಲಿ ಅದೇ ಭಂಗಿ, ಅದೇ ಕಾಯುವಿಕೆ, ಆ ನಾಯಕನ ಕೈಯಲ್ಲಿ ಮಾತ್ರ ಒಂದು ವಾಚಿತ್ತು. ನಮ್ಮವನು ಎಲ್ಲವನ್ನೂ ತಂದಿದ್ದ, ವಾಚು ತರುವುದನ್ನು ಮರೆತಿದ್ದ.

ಈ ವಿದ್ಯೆಯಿಂದ ನಾನು ಉಬ್ಬಿಹೋಗಿದ್ದಾಗ ಕನಕಪುರದ ಗಿರೀಶ ಎಂಬ ನಿರ್ದೇಶಕ ನನ್ನ ಗಾಳಿ ಇಳಿಸಿದ. ಅವನ ವಿಡಿಯೊದಲ್ಲಿ ಹುಡುಗಿಯೊಬ್ಬಳು ದೀಪ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಥೇಟ್ ಹಳೆಯ ಕ್ಯಾಲೆಂಡರಿನ ಚಿತ್ರ, ಸೆರಗಿನ ಮಡಿಕೆಯೂ ಅದೇ. ನಾನು ನಿಲ್ಲಿಸಿಬಿಟ್ಟೆ. ಅವನು ಜಗಳವಾಡದೆ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕನಕಪುರದ ಒಂದು ಹೋಟೆಲಿಗೆ ಕರೆದೊಯ್ದ. ಗಲ್ಲಾದ ಹಿಂದೆ ಅದೇ ಕ್ಯಾಲೆಂಡರು, ವರ್ಷಗಳ ಹಿಂದಿನದು, ಕಟ್ಟು ಹಾಕಿಸಿ ಹಾಗೇ ಬಿಟ್ಟಿದ್ದರು.

“ಸಾರ್, ಈ ಟೌನಲ್ಲಿ ಹುಟ್ಟಿದೋರೆಲ್ಲ ಇಲ್ಲಿ ದೋಸೆ ತಿಂದಿದ್ದಾರೆ. ನನ್ನ ಹಾಡು ನೋಡಿದ್ ತಕ್ಷಣ ಅವರಿಗೆ ಈ ದೋಸೆ ವಾಸ್ನೆ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾನು ಸೋತೆ.”

ಆವತ್ತು ನನಗೆ ತಿಳಿದದ್ದು ಇದು. ಕದ್ದವನಿಗೆ, ನೋಡುವವರಿಗೆ ಎಲ್ಲಿ ನೆನಪಾಗಿಬಿಡುತ್ತದೋ ಎಂಬ ಭಯ. ಸ್ಮರಿಸಿದವನಿಗೆ, ಎಲ್ಲಿ ನೆನಪಾಗದೆ ಹೋಗುತ್ತದೋ ಎಂಬ ಭಯ. ಎರಡೂ ಭಯವೇ, ಆದರೆ ಮುಖದ ಮೇಲೆ ಬೇರೆ ಬೇರೆ ಕಾಣುತ್ತವೆ. ಈಗ ಒಂದನ್ನೊಂದು ತಾಳೆ ನೋಡುವ ಯಂತ್ರಗಳು ಬಂದಿವೆ. ನಾನು ಕ್ಯಾಸೆಟ್ಟು ಹಿಂದಕ್ಕೂ ಮುಂದಕ್ಕೂ ಓಡಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಹಿಡಿಯುತ್ತಿದ್ದುದನ್ನು ಅವು ಕಣ್ಣೇ ಇಲ್ಲದೆ ಹಿಡಿಯುತ್ತವೆ. ಒಪ್ಪಿದೆ. ಆದರೆ ಯಾವ ಭಯ ಎಂದು ಅವುಗಳಿಗೆ ತಿಳಿಯುವುದಿಲ್ಲ.

ಇನ್ನು ನಾನು ಹೇಳಬೇಕೆಂದುಕೊಂಡ ಸಂಗತಿ. ಅದು ನಡೆದದ್ದು ನಾನು ಕೆಲಸ ಬಿಟ್ಟ ಮೇಲೆ.

ಒಂದು ಭಾನುವಾರ ಮಂಜುಳ ಎಂಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಊರು ಕೋಡಿಹಳ್ಳಿಯಿಂದ ಒಳಕ್ಕೆ, ಕೆಲಸ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ. ಜೊತೆಯ ಹುಡುಗಿಯರನ್ನು ಸೇರಿಸಿಕೊಂಡು ತನ್ನ ತಾತ ಬೋರೇಗೌಡರು ಕಲಿಸಿದ ಕೋಲಾಟವನ್ನು ಹಾಡಿನ ವಿಡಿಯೊ ಮಾಡಿ ತನ್ನ ಚಾನೆಲ್ಲಿಗೆ ಹಾಕಿದ್ದಳು. ಬೆಂಗಳೂರಿನ ಒಂದು ದೊಡ್ಡ ಕಂಪನಿಯವರು ‘ಇದರಲ್ಲಿರುವ ನೃತ್ಯ ನಮ್ಮ ವಿಡಿಯೊದ ನಕಲು’ ಎಂದು ತಕರಾರು ಹಾಕಿ ಅದನ್ನು ತೆಗೆಸಿದ್ದರು.

“ವಿಡಿಯೊ ಓದ್ರೆ ಓಗ್ಲಿ ಸಾರ್. ತಾತನ್ನ ನೋಡಕಾಯ್ತಿಲ್ಲ. ಟೀ ಅಂಗ್ಡೀಲಿ ಅವರ್ ಜೊತೆಗಾರ್ರು ‘ಏನ್ಲಾ ಬೋರ, ಬೆಂಗ್ಳೂರ್ಗೋಗಿ ಕುಣ್ತ ಕದ್ಕಂಡ್ ಬಂದ್ಯಂತೆ’ ಅಂದ್ರಂತೆ, ತಮಾಸೆಗೆ. ಅವತ್ತಿಂದ ಕೋಲು ಅಟ್ಟಕ್ಕೆ ಎಸ್ದವ್ರೆ. ಯಾರ್ಗೂ ಕಲ್ಸಲ್ಲ ಅಂತವ್ರೆ. ಊಟಾನೂ ಅಷ್ಟಕ್ಕಷ್ಟೇ.”

ಎರಡೂ ವಿಡಿಯೊಗಳನ್ನು ನೋಡಿದೆ. ತಕರಾರು ಇದ್ದದ್ದು ಒಂದು ಹೆಜ್ಜೆಯ ಬಗ್ಗೆ. ಊರಿನಲ್ಲಿ ಅದಕ್ಕೆ ಎಗರು ಕೋಲು ಎನ್ನುತ್ತಾರಂತೆ. ಕುಣಿಯುತ್ತಿರುವವರು ಬಲಗೈ ಎತ್ತಿ ನಗುತ್ತ ನಿಂತು, ಇದ್ದಕ್ಕಿದ್ದಂತೆ ಪಕ್ಕಕ್ಕೆ ಎಗರುತ್ತಾರೆ. ಗಾಳಿಯಲ್ಲೇ ತಿರುಗಿ, ನಮಗೆ ಬೆನ್ನು ಮಾಡಿ ಇಳಿದು, ಬೆನ್ನ ಹಿಂದೆ ಕೋಲು ಹೊಡೆಯುತ್ತಾರೆ. ಎರಡರಲ್ಲೂ ಅದೇ. ಬೆಂಗಳೂರಿನವರದು ಮೊದಲು ಬಂದದ್ದು, ಇವಳದು ಆಮೇಲೆ.

“ಅವ್ರೇ ಸಾರ್ ನಮ್ಮೂರಿಗೆ ಬಂದಿದ್ದು. ರಿಸರ್ಚು ಅಂತ ತಾತನ್ ಕೈಲಿ ಕುಣ್ಸಿ, ಎಲ್ಲಾ ಶೂಟ್ ಮಾಡ್ಕಂಡು, ಮುದ್ದೆ ಉಂಡ್ಕಂಡ್ ಓದ್ರು.”

ಈ ಮಾತನ್ನು ನಾನು ವೃತ್ತಿಜೀವನದಲ್ಲಿ ಎಷ್ಟು ಸಲ ಕೇಳಿದ್ದೇನೋ. ಎಲ್ಲ ನಕಲುಗಾರರ ಮನೆಯಲ್ಲೂ ಯಾರೋ ಒಬ್ಬರು ಬಂದು ಉಂಡು ಹೋಗಿರುತ್ತಾರೆ. ಅವಳ ಮುಖ ನೋಡಿದರೆ ಸುಳ್ಳು ಹೇಳುವವಳ ಹಾಗೆ ಕಾಣಲಿಲ್ಲ. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು. ತಾತನನ್ನೇ ನೋಡುತ್ತೇನೆ ಎಂದೆ.

ಕನಕಪುರದಲ್ಲಿ ಬಸ್ಸು ಬದಲಾಯಿಸಿ ಹೋದೆ. ಬೋರೇಗೌಡರು ಜಗಲಿಯ ಮೇಲೆ ಕೂತಿದ್ದರು. ಒಣಕಲು ದೇಹ, ದೊಡ್ಡ ಪಾದಗಳು. ನಾನು ಕೋಲಾಟದ ಮಾತೆತ್ತಿದರೆ ಅವರು ಹಸುವಿನ ಮಾತೆತ್ತಿದರು. ಹಸು ಮುಗಿದ ಮೇಲೆ ರಾಗಿಗೆ ಬಂದರು. ರಾಗಿಯೂ ಮುಗಿದ ಮೇಲೆ ನೇರವಾಗಿ ಕೇಳಿದೆ.

“ಯಜಮಾನ್ರೇ, ಎಗರು ಕೋಲು ನಿಮಗೆ ಕಲಿಸಿದ್ದು ಯಾರು?”

“ಇನ್ಯಾರು, ನಮ್ಮಪ್ಪ” ಎಂದರು, ಕಣ್ಣು ಬೀದಿಯ ಕಡೆ.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ನಮ್ ಮಾವ ಕೋಲು ಇಡ್ದಿದ್ದು ದನ ಒಡ್ಯಕ್ ಮಾತ್ರ. ಯಾಕ್ ಸುಳ್ ಏಳೀಯೆ ಅವ್ರ್ಗೆ?”

“ನೀನು ಒಸಿ ಸುಮ್ಕಿರು.”

ಮಂಜುಳ ತಲೆ ತಗ್ಗಿಸಿದಳು. ನನ್ನ ಅನುಮಾನ ಈಗ ಕಾಲು ಚಾಚಿ ಆರಾಮವಾಗಿ ಕೂತಿತು. ಕದ್ದವನ ಮುಖದ ಮೇಲಿನ ಭಯ ನನಗೆ ಗೊತ್ತು, ಅದೇ ಎದುರಿಗಿತ್ತು. ಎಲ್ಲಿ ನೆನಪಾಗಿಬಿಡುತ್ತದೋ ಎಂಬ ಭಯ. ಎದ್ದು ಹೊರಡುವವನಿದ್ದೆ. ಹೊರಡುವ ಮುನ್ನ, ಅಭ್ಯಾಸಬಲದಿಂದ, ಮಂಜುಳಳ ಫೋನಿನಲ್ಲಿದ್ದ ಒಂದು ಹಳೆಯ ತುಣುಕನ್ನು ನೋಡಿದೆ. ಅವಳು ಶಾಲೆಯಲ್ಲಿದ್ದಾಗ ಯಾರದೋ ಮದುವೆಯಲ್ಲಿ ತೆಗೆದದ್ದಂತೆ. ಅದರಲ್ಲಿ ಬೋರೇಗೌಡರೇ ಎಗರುತ್ತಾರೆ.

ಎಗರುವ ಮೊದಲು ಅವರು ನಗುತ್ತಿದ್ದರು. ಇಳಿದ ಮೇಲೆ ಬೆನ್ನು ಮಾಡಿ, ಅರ್ಧ ಕತ್ತು ಮಾತ್ರ ನಮ್ಮ ಕಡೆ ತಿರುಗಿಸಿದರು. ಆ ಮುಖದಲ್ಲಿ ನಗು ಇರಲಿಲ್ಲ. ಯಾರೋ ಸತ್ತ ಸುದ್ದಿ ಕೇಳಿದವರ ಮುಖ. ಮಧ್ಯೆ ನಗು ಆರಲಿಲ್ಲ, ಕರಗಲಿಲ್ಲ. ಇತ್ತು, ಇಲ್ಲವಾಯಿತು. ಮತ್ತೆ ನೋಡಿದೆ. ಮನುಷ್ಯನ ಮುಖ ಹಾಗೆ ಬದಲಾಗುವುದಿಲ್ಲ. ಅಷ್ಟು ವರ್ಷ ತುಂಡಿಗೆ ತುಂಡು ಸೇರಿಸಿದವನಿಗೆ ಅದು ಏನೆಂದು ಗೊತ್ತಾಗದಿದ್ದರೆ ನನ್ನ ಸಂಬಳ ದಂಡ. ಅದು ಹೆಜ್ಜೆಯೇ ಅಲ್ಲ, ಅದು ಯಾವುದೋ ಸಿನಿಮಾದ ರೀಲು ಸೇರಿಸಿದ ಜಾಗ.

ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. “ಯಾವ ಟೆಂಟು ಯಜಮಾನ್ರೇ?”

ಬೋರೇಗೌಡರು ಬೀದಿಯಿಂದ ಕಣ್ಣು ತೆಗೆದು ತಮ್ಮ ಪಾದ ನೋಡಿಕೊಂಡರು.

“ಕನಕಪುರದ್ದು” ಎಂದರು. “ಗಾಡಿ ಕಟ್ಕಂಡ್ ಓಗಿದ್ವಿ. ಮದ್ವೆ ಆಗಿರ್ನಿಲ್ಲ ಇನ್ನೂವೆ. ರಾಜನ್ ಕತೆ ಪಿಚ್ಚರು. ಅದ್ರಲ್ಲಿ ಆಯಮ್ಮ ಅರಮನೇಲಿ ಕುಣೀತಾಳೆ. ಈ ಕಂಬದತ್ರ ನಕ್ಕಂಡ್ ಕೈ ಎತ್ತವ್ಳೆ, ಕಣ್ ಮುಚ್ಚಿ ತಗಿಯಾಷ್ಟ್ರಲ್ಲಿ ಆ ಕಂಬದತ್ರ ಬೆನ್ ಮಾಡ್ಕಂಡ್ ನಿಂತವ್ಳೆ. ಎಗರ್ಬುಟ್ಲು. ಅಂತ ಎಗ್ರು ನಾನ್ ಕಂಡೇ ಇರ್ನಿಲ್ಲ. ಅದ್ನೇ ನೋಡಕ್ಕೆ ತಿರ್ಗಾ ತಿರ್ಗಾ ಓದೆ. ಮನೇಗ್ ಬಂದು ಹುಲ್ ಮೆದೆ ಪಕ್ದಾಗೆ ಎಗ್ರಿ ಎಗ್ರಿ ಕಲ್ತೆ. ಎಷ್ಟ್ ಸಲ ಬಿದ್ದೆ ಅಂತ ಇವ್ಳನ್ನ ಕೇಳು.”

“ಮದ್ವೆ ಆದ್ಮೇಲೂ ಬಿದ್ದವ್ರೆ” ಎಂದಿತು ಒಳಗಿನ ದನಿ.

“ಈಗ ಬೆಂಗ್ಳೂರ್ನೋರು ಬಂದ್ರಲ್ಲಪ್ಪ. ಆ ಪಿಚ್ಚರ್ ಕಡೇರೇ ಇರ್ಬೇಕು. ನಮ್ ಕುಣ್ತ ಅಂತ ಅವ್ರು ಅನ್ನದ್ರಲ್ಲಿ ತಪ್ಪೇನೈತೆ? ಕದ್ದಿದ್ದು ನಾನೇಯ. ಈ ಮಗೀಗೆ ಎಂಗ್ ಏಳ್ಲಿ?”

ನಾನು ಆಗ ಅವರಿಗೆ ಏನೂ ಹೇಳಲಿಲ್ಲ. ಖಚಿತವಾಗದೆ ಮಾತಾಡುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ.

ಬಸ್ಸಿನಲ್ಲಿ ಬರುವಾಗ, ಅವರಿಂದ ಹೆಸರು ಕೇಳಿಕೊಂಡಿದ್ದ ಆ ಚಿತ್ರವನ್ನು ಫೋನಿನಲ್ಲಿ ಹುಡುಕಿ ನೋಡಿದೆ. ಪೂರ್ತಿ ಚಿತ್ರ, ಎಲ್ಲೂ ಹರಿದಿಲ್ಲ. ಅದರಲ್ಲಿ ಆ ನಟಿ ಎಗರುವುದೇ ಇಲ್ಲ. ಮೊದಲ ಕಂಬದ ಬಳಿ ನಗುತ್ತ ಕೈ ಎತ್ತುತ್ತಾಳೆ, ಆಗ ಹೊರಗೆ ರಾಜನ ಹೆಜ್ಜೆಯ ಸದ್ದು ಕೇಳುತ್ತದೆ. ನಗು ನಿಧಾನವಾಗಿ ಆರುತ್ತದೆ. ಕೈ ಇಳಿಸಿ, ಸೆರಗು ಹೊದ್ದು, ಎರಡನೆಯ ಕಂಬದವರೆಗೆ ನಡೆದುಕೊಂಡು ಹೋಗಿ ಬೆನ್ನು ತಿರುಗಿಸಿ, ನಗುವಿಲ್ಲದ ಮುಖವನ್ನು ಅರ್ಧ ಮಾತ್ರ ನಮ್ಮ ಕಡೆ ಹೊರಳಿಸುತ್ತಾಳೆ. ಕನಕಪುರದ ಟೆಂಟಿಗೆ ಬಂದ ಪ್ರಿಂಟಿನಲ್ಲಿ ರೀಲು ಹರಿದು, ಯಾರೋ ಆಪರೇಟರು ಆ ನಡೆದದ್ದನ್ನಷ್ಟೂ ಕತ್ತರಿಸಿ ಅಂಟಿಸಿದ್ದಿರಬೇಕು. ಒಂದು ಅಂಟು ಹಚ್ಚಿದ ಜಾಗವನ್ನು ಒಬ್ಬ ಹರೆಯದವನು ಕುಣಿತವೆಂದು ನಂಬಿ, ಬಿದ್ದೂ ಬಿದ್ದೂ ಕಲಿತು, ಒಂದು ಊರಿಗೇ ಕಲಿಸಿದ್ದ.

ಮಾರನೆಯ ದಿನ ಬೆಂಗಳೂರಿನ ನಿರ್ದೇಶಕರಿಗೆ ಫೋನು ಮಾಡಿದೆ. ಯುವಕ, ದನಿಯಲ್ಲಿ ಬಹಳ ವಿನಯ. ಅಷ್ಟು ವಿನಯ ನನಗೆ ಹಿಡಿಸುವುದಿಲ್ಲ.

“ಸರ್, ಅದು ನಮ್ಮ ಒರಿಜಿನಲ್ ಕೊರಿಯೋಗ್ರಫಿ.”

“ಸಂತೋಷ. ಎಗರೋ ಮೊದಲು ನಿಮ್ಮ ಹುಡುಗಿ ನಗ್ತಾಳೆ. ಇಳಿದ ಮೇಲೆ ಮುಖ ಗಂಟು ಹಾಕ್ಕೋತಾಳೆ. ಯಾಕೆ?”

“ಅದು... ಒಂದು ಎಮೋಷನಲ್ ಶಿಫ್ಟ್ ಸರ್.”

“ಎಲ್ಲಿಂದ ಎಲ್ಲಿಗೆ?”

ನಾನು ಕಾರಣ ಹೇಳಿದೆ. ಹಳೆಯ ಚಿತ್ರದಲ್ಲಿ ಆ ಮುಖಕ್ಕೆ ಕಾರಣವಿತ್ತು, ಆದರೆ ಅಲ್ಲಿ ಎಗರು ಇರಲಿಲ್ಲ. ಕನಕಪುರದ ಪ್ರಿಂಟಿನಲ್ಲಿ ಕಾರಣ ಕತ್ತರಿಸಿ ಹೋಗಿ ಎಗರು ಹುಟ್ಟಿತು. ಕಾರಣವಿಲ್ಲದ ಆ ಮುಖವನ್ನೂ ಸೇರಿಸಿ ಕಲಿತವರು ಲೋಕದಲ್ಲಿ ಒಬ್ಬರೇ. “ನೀವು ಅವರ ಜಗಲಿ ಮೇಲೆ ಕೂತು ಅದನ್ನು ಶೂಟ್ ಮಾಡಿಕೊಂಡಿರಿ. ಹೆಜ್ಜೆ ತಂದಿರಿ, ಅವರ ತಪ್ಪನ್ನೂ ತಂದಿರಿ. ಬೇಕಾದರೆ ಇದನ್ನೆಲ್ಲ ಬರೆದು, ಆ ಚಿತ್ರ, ನಿಮಗಿಂತ ವರ್ಷಗಳ ಮೊದಲೇ ಅವರು ಎಗರಿದ ಮದುವೆಯ ತುಣುಕು ಸಮೇತ ಕಳಿಸುತ್ತೇನೆ, ಪೇಪರಿನವರಿಗೂ ಒಂದು ಪ್ರತಿ.”

“ಸರ್, ನಾವು ಅದನ್ನ ಒಂಥರಾ ಟ್ರಿಬ್ಯೂಟ್ ಆಗಿ...”

“ಯಾರಿಗೆ ಅಂತ ಎಲ್ಲಾದ್ರೂ ಹಾಕಿದ್ದೀರಾ?”

ವಾರದೊಳಗೆ ತಕರಾರು ಹಿಂದಕ್ಕೆ ಹೋಯಿತು. ಮಂಜುಳಳ ವಿಡಿಯೊ ಮತ್ತೆ ಬಂತು. ಬೆಂಗಳೂರಿನವರ ವಿಡಿಯೊದ ಕೆಳಗೆ ಬೋರೇಗೌಡರ ಹೆಸರು, ಊರು ಎರಡೂ ಬಂದವು. ಆ ಸಾಲನ್ನು ಎಂದಾದರೂ ಸದ್ದಿಲ್ಲದೆ ತೆಗೆದಾರು ಎಂದು ನಾನು ಆಗಾಗ ನೋಡುತ್ತಿರುತ್ತೇನೆ. ಇನ್ನೂ ಇದೆ. ನನ್ನ ಅನುಮಾನವೂ ಇದೆ.

ಆದರೆ ಮಂಜುಳ ಮತ್ತೆ ಫೋನು ಮಾಡಿದಳು. “ಸಾರ್, ತಾತ ಇನ್ನೂ ಕೋಲು ಮುಟ್ಟಿಲ್ಲ. ಬೆಂಗ್ಳೂರ್ನೋರು ಬುಟ್ರೆ ಆಗೋಯ್ತಾ, ನಾನ್ ಕದ್ದಿದ್ ಕದ್ದಿದ್ದೇ ಅಲ್ವಾ ಅಂತವ್ರೆ.”

ನಮ್ಮ ಕಡೆಯವರು ತಕರಾರು ಗೆದ್ದ ಮೇಲೂ ಪಶ್ಚಾತ್ತಾಪಪಡುವುದನ್ನು ನಾನು ವೃತ್ತಿಯಲ್ಲಿ ಮೊದಲ ಸಲ ಕಂಡೆ. ಇದಕ್ಕೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಪೂರ್ತಿ ಚಿತ್ರ ತೋರಿಸಬಹುದಿತ್ತು. ಆದರೆ ಒಂದು ಆಯುಷ್ಯ ಪೂರ್ತಿ ತಾನು ಬೆನ್ನುಹತ್ತಿ ಎಗರಿದ್ದು ಒಂದು ಅಂಟಿನ ಕಲೆಯನ್ನು ಎಂದು ಗೊತ್ತಾದರೆ ಮುದುಕನಿಗೆ ಹೇಗಾದೀತೋ ಎಂಬ ಅಳುಕಿತ್ತು. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸನ್ನು ಬೇಕೆಂದೇ ಬಿಟ್ಟೆ. ಎರಡನೆಯದನ್ನು ಹತ್ತಿದೆ.

ಜಗಲಿಯ ಮೇಲೆ ಅವರ ಪಕ್ಕ ಕೂತು ಫೋನನ್ನು ಅವರ ಕಣ್ಣಿಗೆ ಹಿಡಿದೆ. ಹಿಂದೆ ಹೆಂಡತಿ ನಿಂತಿದ್ದರು, ಮಂಜುಳ ಬಾಗಿಲಿಗೆ ಒರಗಿದ್ದಳು. ಅರಮನೆ ಬಂತು, ಕಂಬ ಬಂತು. “ಅದೇಯ, ಆಯಮ್ಮನೇ” ಎಂದರು ಬೋರೇಗೌಡರು. ಪಾದದ ಬೆರಳುಗಳು ನೆಲವನ್ನು ಹಿಡಿದುಕೊಂಡವು, ಈಗ ಎಗರುತ್ತಾಳೆ ಎಂದು. ಆಕೆ ಕೈ ಎತ್ತಿದಳು, ನಕ್ಕಳು. ಹೆಜ್ಜೆಯ ಸದ್ದು ಕೇಳಿತು. ಕೈ ಇಳಿಸಿದಳು. ಸೆರಗು ಹೊದ್ದಳು. ನಡೆದಳು.

ಬೋರೇಗೌಡರು ಬಗ್ಗಿ ನೋಡಿದರು. “ಇನ್ನೊಂದ್ ಸಲ ಆಕು.”

ಹಾಕಿದೆ. ಮತ್ತೆ ನಡೆದಳು.

“ನಡ್ಕಂಡ್ ಓಗವ್ಳಲ್ಲ” ಎಂದರು. “ಎಗ್ರೇ ಇಲ್ಲ.”

“ನಾನ್ ಅವತ್ತೇ ಅನ್ನಿಲ್ವಾ,” ಎಂದರು ಹೆಂಡತಿ, “ಎಂಗ್ಸು ಸೀರೆ ಉಟ್ಕಂಡು ಅಂಗ್ ಎಗರಕ್ಕಾಯ್ತದಾ ಅಂತ?”

ಟೆಂಟಿನ ರೀಲು ಹರಿದದ್ದು, ಅಂಟಿಸಿದ್ದು ಎಲ್ಲ ಬಿಡಿಸಿ ಹೇಳಿದೆ. ಅವರು ಅರ್ಧ ಕೇಳಿಸಿಕೊಂಡರೋ ಏನೋ. ಫೋನಿನ ಪರದೆ ಕಪ್ಪಾದ ಮೇಲೂ ಅದನ್ನೇ ನೋಡುತ್ತಿದ್ದರು. ನಾನು ತಪ್ಪು ಮಾಡಿದೆನೇನೋ ಎಂದುಕೊಂಡೆ. ಆಮೇಲೆ ಅವರು ತಲೆಯೆತ್ತಿದಾಗ ಮುಖದಲ್ಲಿ ಒಂದು ನಗು ಮೂಡುತ್ತಿತ್ತು. ಒಮ್ಮೆಲೇ ಅಲ್ಲ, ನಿಧಾನವಾಗಿ, ಎಲ್ಲೂ ಅಂಟು ಕಾಣದ ಹಾಗೆ.

“ಅಂಗಾದ್ರೆ,” ಎಂದರು, “ಎಗರ್ದೋನು ನಾನೊಬ್ನೇಯ.”

ಎರಡೂ ಮಂಡಿಗೆ ಕೈಯೂರಿ ಎದ್ದರು.

“ಮಂಜೂ, ಅಟ್ಟದಿಂದ ಕೋಲ್ ತಕ್ಕೊಡವ್ವ.”